ಜೋಡಿ ರಿಸೆಪ್ಟರ್ ಪೇಪರ್ ಓದುವುದು ಹೇಗೆ: ಬೆಲ್ಲ, ಅಡಿಕೆ, ಕಾಫಿ ಇಟ್ಟುಕೊಂಡು

ಶಂಕರಘಟ್ಟದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಮಾಡುವವರಿಗೂ ಶಿವಮೊಗ್ಗದಲ್ಲಿ ಎಂ.ಫಾರ್ಮ ಓದುವವರಿಗೂ ಸೆಮಿನಾರ್ ಹತ್ತಿರ ಬಂದಾಗ ಕೈಗೆ ಸಿಗುವ ಪೇಪರ್‌ಗಳಲ್ಲಿ ಒಂದು ಜಾತಿ ಇದೆ. ಈ ರಿಸೆಪ್ಟರ್ ಆ ರಿಸೆಪ್ಟರ್ ಜೊತೆ ಜೋಡಿಯಾಗುತ್ತದೆ ಅಂತ ಶುರುವಾಗುತ್ತದೆ, ಹೊಸ ಔಷಧಿಗೆ ದಾರಿ ಸಿಕ್ಕಿತು ಅಂತ ಮುಗಿಯುತ್ತದೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಗೈಡ್ ಕನ್ನಡಕ ಸರಿ ಮಾಡಿಕೊಂಡು "ಜೋಡಿ ಆಯ್ತಪ್ಪ, ಅದರಿಂದ ಔಷಧಿಗೆ ಏನು ಬಂತು?" ಅಂತ ಕೇಳಿದರೆ ತುಂಬಾ ಜನ ಸ್ಲೈಡ್ ಹಿಂದೆ ಮುಂದೆ ಮಾಡತೊಡಗುತ್ತಾರೆ.

ಆ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ ಇದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡು ರಿಸೆಪ್ಟರ್ ಮುಟ್ಟಿಕೊಂಡಿವೆಯಾ ಅನ್ನುವುದು ಚಿಕ್ಕ ಪ್ರಶ್ನೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ನಡೆಯುತ್ತದೆಯಾ, ಅವು ಎಷ್ಟು ಹೊತ್ತು ಜೊತೆಗಿರುತ್ತವೆ, ಇವೆರಡು ದೊಡ್ಡ ಪ್ರಶ್ನೆ. ಇವತ್ತು ಮೆಡಿಕಲ್ ಶಾಪ್‌ನಲ್ಲಿ, ಆಸ್ಪತ್ರೆಯಲ್ಲಿ ನಿಜವಾಗಿ ಸಿಗುವ ಔಷಧಿಗಳನ್ನು ನೋಡಿದರೆ, ಬಿಟ್ಟಿರಲಾರದ ಜೋಡಿಗಳ ಮೇಲೆ ಮಾಡಿದವೇ ಗೆದ್ದಿವೆ. ಆಗಾಗ ಬಂದು ಹೋಗುವ ಜೋಡಿಗಳ ಮೇಲೆ ಬರೆದ ಪೇಪರ್ ಜಾಸ್ತಿ, ಮಾತ್ರೆ ಕಡಿಮೆ.

ಹಿನ್ನೆಲೆ ಎರಡೇ ಮಾತಲ್ಲಿ. ಜೀವಕೋಶದ ಪೊರೆಯಲ್ಲಿ ಕೂತು ಹೊರಗಿನ ಸುದ್ದಿ ಒಳಗೆ ಮುಟ್ಟಿಸುವ ಪ್ರೋಟೀನ್ ರಿಸೆಪ್ಟರ್. ಇವುಗಳ ದೊಡ್ಡ ಕುಟುಂಬ ಜಿಪಿಸಿಆರ್, ಅಂದರೆ ಪೊರೆಯನ್ನು ಏಳು ಸಲ ಹಾದುಹೋಗಿ ಒಳಗೆ ಜಿ-ಪ್ರೋಟೀನ್ ಎಬ್ಬಿಸುವವು. ಮನುಷ್ಯರಲ್ಲಿ ಇವಕ್ಕೆ ಸುಮಾರು 800 ಜೀನ್ ಇವೆ, ಬಳಕೆಯಲ್ಲಿರುವ ಔಷಧಿಗಳಲ್ಲಿ ಮೂರನೇ ಒಂದು ಭಾಗದಷ್ಟು ಇವುಗಳ ಮೇಲೇ ಕೆಲಸ ಮಾಡುತ್ತವೆ. ಇನ್ನೊಂದು ಕುಟುಂಬ, ಒಳಗಿರುವ ಕೈನೇಸ್ ಅನ್ನುವ ಕಿಣ್ವದಿಂದ ಸುದ್ದಿ ದಾಟಿಸುವ ಟೈರೋಸಿನ್ ಕೈನೇಸ್ ರಿಸೆಪ್ಟರ್‌ಗಳದ್ದು. ಇನ್ಸುಲಿನ್ ರಿಸೆಪ್ಟರ್, ಹರ್2 ಎಲ್ಲ ಇದರಲ್ಲಿ ಬರುತ್ತವೆ.

ಮೊದಲು ಜೋಡಿಯ ಜಾತಿ ಗುರುತಿಸಿ

ಜೋನಿ ಬೆಲ್ಲದಿಂದ ಶುರು ಮಾಡೋಣ. ದೋಸೆಗೆ ಹಾಕಿಕೊಂಡು ಬಾಯಿಗಿಟ್ಟಾಗ ಸಿಹಿ ಅಂತ ಗುರುತಿಸುವುದು ಒಂದು ರಿಸೆಪ್ಟರ್ ಅಲ್ಲ, ಎರಡು ಸೇರಿದ ಜೋಡಿ: ಟಿ1ಆರ್2 ಮತ್ತು ಟಿ1ಆರ್3. ಇದೇ ಟಿ1ಆರ್3 ಬೇರೆ ಸಂಗಾತಿ ಟಿ1ಆರ್1 ಜೊತೆ ಸೇರಿದರೆ ಸಿಹಿ ಬಿಟ್ಟು ಉಮಾಮಿ ರುಚಿ ಹಿಡಿಯುತ್ತದೆ, ಅಂದರೆ ಅಜಿನೊಮೊಟೊ ಥರದ್ದು. ಸಂಗಾತಿ ಬದಲಾದರೆ ಕೆಲಸವೇ ಬದಲು. ಬೆಕ್ಕುಗಳಲ್ಲಿ ಟಿ1ಆರ್2 ಜೀನ್ ಕೆಟ್ಟುಹೋಗಿದೆ ಅಂತ 2005ರಲ್ಲಿ ಗೊತ್ತಾಯಿತು. ಟಿ1ಆರ್3 ಸರಿಯಾಗಿಯೇ ಇದೆ, ಆದರೂ ಬೆಕ್ಕಿಗೆ ಸಿಹಿ ತಿಳಿಯುವುದಿಲ್ಲ. ಪಾಯಸದ ಪಾತ್ರೆಗೆ ಬಾಯಿ ಹಾಕಿದರೆ ಅದು ಹಾಲಿನ ಆಸೆಗೆ, ಬೆಲ್ಲಕ್ಕಲ್ಲ.

ಇದನ್ನು ನಾಲಿಗೆಯಲ್ಲೇ ನೋಡಬಹುದು. ಮಧುನಾಶಿನಿ ಗಿಡ ಗುರುತಿರುವವರ ಹತ್ತಿರ ಒಂದೆರಡು ಹಸಿ ಎಲೆ ತರಿಸಿಕೊಳ್ಳಿ. ಬೇಲಿಯಲ್ಲಿ ಸಿಕ್ಕ ಯಾವುದೋ ಬಳ್ಳಿ ಬೇಡ. ಮೊದಲು ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ, ಒಂದು ಗುಟುಕು ಸಕ್ಕರೆ ಹಾಕದ ಕಾಫಿ, ಒಂದೊಂದರ ರುಚಿ ನೋಡಿಟ್ಟುಕೊಳ್ಳಿ. ಎಲೆಯನ್ನು ಒಂದು ನಿಮಿಷ ಚೆನ್ನಾಗಿ ಅಗಿದು, ರಸ ನಾಲಿಗೆ ತುಂಬಾ ಆಡಿಸಿ, ಉಗಿದು ಬಾಯಿ ಮುಕ್ಕಳಿಸಿ. ಆಮೇಲೆ ಅದೇ ಕ್ರಮದಲ್ಲಿ ಮತ್ತೆ ರುಚಿ ನೋಡಿ. ಉಪ್ಪು ಉಪ್ಪಾಗಿಯೇ ಇರುತ್ತದೆ, ಕಾಫಿ ಕಹಿಯಾಗಿಯೇ ಇರುತ್ತದೆ, ಬೆಲ್ಲ ಮಾತ್ರ ಸಪ್ಪೆ ಅಂಟಿನ ಹಾಗಾಗುತ್ತದೆ. ಸಕ್ಕರೆ ಹಾಕಿದರೆ ಮರಳು ಅಗಿದ ಹಾಗೆ. ಅರ್ಧ ಗಂಟೆ ಹತ್ತಿರ ಹಾಗೇ ಇದ್ದು ಸರಿಹೋಗುತ್ತದೆ. ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಟಿ1ಆರ್3ನ ಪೊರೆಯೊಳಗಿನ ಭಾಗಕ್ಕೆ ಅಂಟಿಕೊಳ್ಳುತ್ತವೆ. ಆಸ್ಪರ್ಟೇಮ್ ಥರದ ಸಿಹಿ ಪದಾರ್ಥ ಕೂರುವುದು ಟಿ1ಆರ್2ನ ಹೊರಭಾಗದಲ್ಲಿ. ಅಂದರೆ ಸಿಹಿ ಕೂತಿದ್ದು ಒಂದರ ಮೇಲೆ, ಬೀಗ ಹಾಕಿದ್ದು ಇನ್ನೊಂದಕ್ಕೆ, ಆದರೂ ಸಿಹಿ ನಿಂತಿತು. ಜೋಡಿ ರಿಸೆಪ್ಟರ್ ಔಷಧಿ ವಿನ್ಯಾಸದ ಮುಖ್ಯ ಪಾಠ ಇಷ್ಟೇ, ಉಳಿದಿದ್ದೆಲ್ಲ ವಿವರ. ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರ್ ಹತ್ತಿರ ಕೇಳದೆ ಈ ಆಟಕ್ಕೆ ಇಳಿಯಬೇಡಿ.

ಇದೇ ಜಾತಿಯ ಇನ್ನೊಂದು ಜೋಡಿ ಗಾಬಾ-ಬಿ, ಅಂದರೆ ನರಕೋಶಗಳನ್ನು ಶಾಂತ ಮಾಡುವ ಗಾಬಾ ಅನ್ನುವ ಅಣುವಿನ ರಿಸೆಪ್ಟರ್. ಇದರ ಕಥೆ ಓದಿದರೆ 'ಬಿಟ್ಟಿರಲಾರದ ಜೋಡಿ' ಅಂದರೆ ಏನು ಅಂತ ಸ್ಪಷ್ಟವಾಗುತ್ತದೆ. 1997ರಲ್ಲಿ ಬಿ1 ಅನ್ನುವ ಪ್ರೋಟೀನನ್ನು ಕ್ಲೋನ್ ಮಾಡಿದರು. ಜೀವಕೋಶದೊಳಗೆ ಹಾಕಿದರೆ ಅದು ಮೇಲಿನ ಪೊರೆಗೆ ಬರಲೇ ಇಲ್ಲ, ಕೆಲಸವೂ ಸರಿಯಾಗಿ ಮಾಡಲಿಲ್ಲ. ಮರುವರ್ಷ, 1998ರಲ್ಲಿ, ಹಲವು ತಂಡಗಳು ಒಟ್ಟೊಟ್ಟಿಗೇ ಬಿ2 ಕಂಡುಹಿಡಿದವು. ಬಿ1ರ ಬಾಲದಲ್ಲಿ 'ನನ್ನನ್ನು ಒಳಗೇ ಇಟ್ಟುಕೋ' ಅನ್ನುವ ನಾಲ್ಕು ಅಮೈನೋ ಆಮ್ಲದ ಗುರುತು ಇದೆ. ಬಿ2ರ ಬಾಲ ಬಂದು ಅದಕ್ಕೆ ಸುತ್ತಿಕೊಂಡರೆ ಆ ಗುರುತು ಮುಚ್ಚಿಹೋಗುತ್ತದೆ, ಆಗ ಇಬ್ಬರೂ ಸೇರಿ ಮೇಲೆ ಬರುತ್ತಾರೆ. ಮೇಲೆ ಬಂದ ಮೇಲೂ ಕೆಲಸ ಹಂಚಿಕೆ ಇದೆ: ಗಾಬಾ ಬಂದು ಕೂರುವುದು ಬಿ1ರಲ್ಲಿ, ಜಿ-ಪ್ರೋಟೀನ್ ಎಬ್ಬಿಸುವುದು ಬಿ2. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಬಿ1ರಲ್ಲಿ ಕೂತು ಬಿ2ರ ಕೈಯಲ್ಲಿ ಕೆಲಸ ಮಾಡಿಸುತ್ತದೆ. ಒಂದು ತಮಾಷೆ ಏನಂದರೆ ಬ್ಯಾಕ್ಲೋಫೆನ್ 1970ರ ದಶಕದಲ್ಲೇ ಮಾರುಕಟ್ಟೆಯಲ್ಲಿತ್ತು. ಜೋಡಿ ಗೊತ್ತಾಗುವ ಮೊದಲೇ ಔಷಧಿ ಬಂದಿತ್ತು. ಜೋಡಿ ಗೊತ್ತಾದರೆ ಮಾತ್ರ ಔಷಧಿ ಅಂತ ಬರೆಯುವವರಿಗೆ ಇದನ್ನು ನೆನಪಿಸಬೇಕು.

ಈಗ ಎರಡನೇ ಜಾತಿ, ಆಗಾಗ ಬಂದು ಹೋಗುವ ಜೋಡಿ. ಅದಕ್ಕೆ ಅಡಿಕೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಬದುಕೇ ಅದರ ಮೇಲೆ. ಅದರಲ್ಲಿರುವ ಅರೆಕೋಲಿನ್ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಎಬ್ಬಿಸುತ್ತದೆ. ಹಾಕಿಕೊಂಡ ಕೂಡಲೇ ಬಾಯಲ್ಲಿ ನೀರು, ಮೈ ಬೆಚ್ಚಗೆ. (ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಹೇಳಿದ್ದೂ ಗೊತ್ತಿರಲಿ. ಆ ಜಗಳ ಇಲ್ಲಿ ಬೇಡ.) ಮಸ್ಕರಿನಿಕ್ ಕುಟುಂಬದ ಎಂ1 ರಿಸೆಪ್ಟರನ್ನು 2010ರಲ್ಲಿ ಒಂದೊಂದೇ ಅಣುವಾಗಿ ಮೈಕ್ರೋಸ್ಕೋಪಿನಲ್ಲಿ ಹಿಂಬಾಲಿಸಿದರು. ಹೊಳೆಯುವ ಬಣ್ಣ ಕಟ್ಟಿದ ಔಷಧಿ ಅಣುವನ್ನು ರಿಸೆಪ್ಟರಿಗೆ ಅಂಟಿಸಿ, ಆ ಚುಕ್ಕಿಗಳು ಪೊರೆಯ ಮೇಲೆ ಎಲ್ಲೆಲ್ಲಿ ಹೋಗುತ್ತವೆ ಅಂತ ವಿಡಿಯೋ ಮಾಡಿದರು. ಎರಡು ಚುಕ್ಕಿ ಹತ್ತಿರ ಬಂದು, ಒಟ್ಟಿಗೆ ಸ್ವಲ್ಪ ದೂರ ಓಡಾಡಿ, ಬೇರೆಯಾಗುವುದು ಕಣ್ಣಿಗೆ ಕಂಡಿತು. ಯಾವುದೇ ಕ್ಷಣದಲ್ಲಿ ಸುಮಾರು ಶೇ 30ರಷ್ಟು ಜೋಡಿಯಲ್ಲಿ, ಒಂದು ಜೋಡಿಯ ಆಯಸ್ಸು ಸುಮಾರು ಅರ್ಧ ಸೆಕೆಂಡ್. ಮರುವರ್ಷ ಬಿಳಿ ರಕ್ತಕಣಗಳಲ್ಲಿರುವ ಫಾರ್ಮೈಲ್ ಪೆಪ್ಟೈಡ್ ರಿಸೆಪ್ಟರ್ ಮೇಲೆ ಇದೇ ಥರದ ಅಳತೆ ಬಂತು. ಅಲ್ಲಿ ಜೋಡಿಯ ಆಯಸ್ಸು 91 ಮಿಲಿಸೆಕೆಂಡ್, ಒಂಟಿಯಾಗಿರುವ ಹೊತ್ತು 150 ಮಿಲಿಸೆಕೆಂಡ್.

ಇದರ ಅರ್ಥ ಔಷಧಿಗೆ ಏನು ಅಂತ ಒಂದು ಲೆಕ್ಕ ಹಾಕಿ. ದಮ್ಮಿನವರು ಎಳೆಯುವ ಟಯೋಟ್ರೋಪಿಯಂ ಇನ್ಹೇಲರ್ ಗೊತ್ತಲ್ವಾ, ಅದು ಅದೇ ಮಸ್ಕರಿನಿಕ್ ಕುಟುಂಬದ ಎಂ3ಗೆ ಅಂಟಿದರೆ ಗಂಟೆಗಟ್ಟಲೆ ಬಿಡುವುದಿಲ್ಲ. ಎಂ3 ಕೂಡ ಎಂ1ರ ವೇಗದಲ್ಲೇ ಕೂಡಿ ಬಿಡುತ್ತದೆ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅರ್ಧ ಸೆಕೆಂಡ್ ಜೋಡಿ, ಒಂದು ಸೆಕೆಂಡ್ ಚಿಲ್ಲರೆ ಒಂಟಿ. ಔಷಧಿ 10 ಗಂಟೆ, ಅಂದರೆ 36,000 ಸೆಕೆಂಡ್ ಕೂತಿದ್ದರೆ ಅದರ ಕೆಳಗಿನ ರಿಸೆಪ್ಟರ್ 20 ಸಾವಿರ ಸಲ ಸಂಗಾತಿ ಬದಲಾಯಿಸಿರುತ್ತದೆ. ಇಂಥ ಜೋಡಿಯನ್ನೇ ಗುರಿ ಮಾಡಿದ ಔಷಧಿ ಅಂದರೆ ಯಾವ ಜೋಡಿ, ಯಾವ ಕ್ಷಣದ್ದು? ಪೇಪರ್‌ನವರು ಈ ಪ್ರಶ್ನೆ ಎತ್ತಿದ್ದಾರಾ ನೋಡಿ. ಎತ್ತದೆ ಬಿಟ್ಟವರೇ ಜಾಸ್ತಿ.

ಅಡಿಕೆಯ ಇನ್ನೊಂದು ಸುದ್ದಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅರೆಕೋಲಿನ್ ಅಣುವಿನ ರಚನೆಯನ್ನೇ ತಿದ್ದಿ ತೀಡಿ ಝನೋಮೆಲಿನ್ ಅನ್ನುವ ಔಷಧಿ ಮಾಡಿದರು. ಎಂ1, ಎಂ4 ಮೇಲೆ ಕೆಲಸ. ಮಿದುಳಿನಲ್ಲಿ ಒಳ್ಳೆಯದು ಮಾಡುತ್ತಿತ್ತು, ಹೊಟ್ಟೆಯಲ್ಲಿ ವಾಂತಿ ಭೇದಿ ತರುತ್ತಿತ್ತು. ಕೊನೆಗೆ ಮಿದುಳಿಗೆ ಹೋಗದ ಟ್ರೋಸ್ಪಿಯಂ ಅನ್ನುವ ತಡೆ ಔಷಧಿಯನ್ನು ಅದರ ಜೊತೆ ಸೇರಿಸಿ ಕೊಟ್ಟರು. ಸ್ಕಿಜೋಫ್ರೇನಿಯಾಕ್ಕೆ ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಇಲ್ಲಿ ಜೋಡಿ ಮಾಡಿದ್ದು ರಿಸೆಪ್ಟರನ್ನಲ್ಲ, ಔಷಧಿಯನ್ನು. ಕೆಲವು ಸಲ ಸುಲಭದ ದಾರಿ ಅದೇ.

ಮುಟ್ಟದೆಯೂ ಮಾತಾಡುತ್ತವೆ

ಕಾಫಿ ವಿಷಯ ಸ್ವಲ್ಪ ಸಿಕ್ಕು. ಕೊಪ್ಪದ ಕಾಫಿಯಾಗಲಿ ಚಿಕ್ಕಮಗಳೂರಿನದ್ದಾಗಲಿ, ಕೆಫೀನ್ ಮಾಡುವ ಮುಖ್ಯ ಕೆಲಸ ಅಡೆನೋಸಿನ್ ರಿಸೆಪ್ಟರ್‌ಗಳನ್ನು ಮುಚ್ಚುವುದು. ಅದರಲ್ಲಿ ಎ2ಎ ಅನ್ನುವುದು ಮಿದುಳಿನ ಸ್ಟ್ರಯೇಟಮ್ ಭಾಗದಲ್ಲಿ ಡೋಪಮಿನ್‌ನ ಡಿ2 ರಿಸೆಪ್ಟರ್ ಇರುವ ನರಕೋಶಗಳಲ್ಲೇ ಇದೆ. ಎ2ಎ ಎದ್ದರೆ ಡಿ2ರ ಜೋರು ಕಡಿಮೆಯಾಗುತ್ತದೆ. ಎ2ಎ ಮುಚ್ಚಿದರೆ ಡಿ2ಗೆ ಸ್ವಲ್ಪ ಉಸಿರಾಡಲು ಜಾಗ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಕಡಿಮೆ ಇರುವುದರಿಂದ ಇದು ಉಪಯೋಗಕ್ಕೆ ಬರುತ್ತದೆ. ಎ2ಎ ಮುಚ್ಚುವ ಇಸ್ಟ್ರಾಡೆಫಿಲಿನ್ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಬಂತು. ಮಿದುಳಿನಲ್ಲಿ ಡೋಪಮಿನ್ ಆಗುವ ಲೆವೊಡೋಪಾ ಔಷಧಿ ಜೊತೆಗೆ ಕೊಡುತ್ತಾರೆ. ಹಾಗಂತ ಕಾಫಿಯೇ ಔಷಧಿ ಅಂತ ಹೊರಡಬೇಡಿ. ಪಾರ್ಕಿನ್ಸನ್ ರೋಗಿಗಳಿಗೆ ಕೆಫೀನ್ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು, ನಡಿಗೆ ನಡುಕದಲ್ಲಿ ಪ್ರಯೋಜನ ಕಾಣಲಿಲ್ಲ.

ಸಿಕ್ಕು ಎಲ್ಲಿ ಅಂದರೆ, ಎ2ಎ ಮತ್ತು ಡಿ2 ಮೈಗೆ ಮೈ ತಾಗಿ ಜೋಡಿಯಾಗಿವೆ ಅಂತ ನೂರಾರು ಪುಟ ಬರೆದಿದ್ದಾರೆ. ಆದರೆ ಅವು ತಾಗದೆ ಇದ್ದರೂ ಇದೇ ಫಲ ಬರಬಹುದು. ಎ2ಎ ಎದ್ದರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಂದೇಶದ ಅಣು ಏರುತ್ತದೆ, ಡಿ2 ಎದ್ದರೆ ಇಳಿಯುತ್ತದೆ. ಒಂದೇ ಟ್ಯಾಂಕಿಗೆ ಒಂದು ನಲ್ಲಿ ನೀರು ಬಿಡುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ನಲ್ಲಿಗಳು ಅಂಟಿಕೊಂಡಿರಬೇಕು ಅಂತೇನಿಲ್ಲ. ಇಸ್ಟ್ರಾಡೆಫಿಲಿನ್ ಗೆದ್ದಿದ್ದು ಜೋಡಿ ಇದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಸೆಮಿನಾರ್‌ನಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. 'ಒಂದು ಎದ್ದಾಗ ಇನ್ನೊಂದು ಬದಲಾಯಿತು' ಅನ್ನುವುದನ್ನು 'ಎರಡೂ ಜೋಡಿ' ಅಂತ ಓದಿಬಿಡುತ್ತಾರೆ.

ಹಾಗಾದರೆ ಮುಟ್ಟಿದ್ದು ಯಾವುದು, ಮುಟ್ಟದ್ದು ಯಾವುದು ಅಂತ ಬೇರೆ ಮಾಡಿ ನೋಡುವುದು ಹೇಗೆ? ಕೋಶ ಒಡೆದು, ಪೊರೆ ಮಾತ್ರ ತೊಳೆದು ತೆಗೆದು, ಅದರಲ್ಲಿ ಡಿ2ಗೆ ಡೋಪಮಿನ್ ಅಂಟುವ ಬಲ ಅಳೆದಿದ್ದಾರಾ ನೋಡಿ. ಪೊರೆಯಲ್ಲಿ ಸೈಕ್ಲಿಕ್ ಎಎಂಪಿ ಕಥೆ ಬಹುಪಾಲು ಮುಗಿದಿರುತ್ತದೆ. ಎ2ಎ ಎಬ್ಬಿಸಿದರೆ ಆ ಬಲ ಕಡಿಮೆಯಾಗುತ್ತದೆ ಅಂತ 1991ರಲ್ಲೇ ಇಲಿಯ ಸ್ಟ್ರಯೇಟಮ್ ಪೊರೆಯಲ್ಲಿ ತೋರಿಸಿದ್ದರು. ಜೋಡಿ ವಾದಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಅಲ್ಲಿಂದ.

ಚಿತ್ರಗಳನ್ನು ಓದುವ ಕ್ರಮ

ಮಳೆಗಾಲದಲ್ಲಿ ಕರೆಂಟ್ ಹೋದಾಗ ಫೋನಿನಲ್ಲಿ ಪಿಡಿಎಫ್ ಎಳೆದೆಳೆದು ಓದುವವರು ಪಠ್ಯ ಬಿಟ್ಟು ಮೊದಲು ಚಿತ್ರಗಳಿಗೆ ಹೋಗಿ. ಬ್ಯಾಟರಿ ಇರುವಷ್ಟರಲ್ಲಿ ಕೆಲಸ ಆಗುತ್ತದೆ.

ಬಹುಪಾಲು ಪೇಪರ್‌ಗಳಲ್ಲಿ ಫ್ರೆಟ್ ಅಥವಾ ಬ್ರೆಟ್ ಇರುತ್ತದೆ. ಒಂದು ರಿಸೆಪ್ಟರಿಗೆ ಬೆಳಕು ಕೊಡುವ ಪ್ರೋಟೀನ್, ಇನ್ನೊಂದಕ್ಕೆ ಬೆಳಕು ಪಡೆಯುವ ಪ್ರೋಟೀನ್ ಕಟ್ಟುತ್ತಾರೆ. ಹತ್ತಿರ ಬಂದರೆ ಶಕ್ತಿ ದಾಟುತ್ತದೆ. ದೂರದ ಆರನೇ ಘಾತದಲ್ಲಿ ಇದು ಇಳಿಯುತ್ತದೆ. ಅರ್ಧ ದಾಟುವ ದೂರ 5 ನ್ಯಾನೋಮೀಟರ್ ಅಂತಿಟ್ಟುಕೊಂಡರೆ, 5ರಲ್ಲಿ ಶೇ 50, 7.5ರಲ್ಲಿ ಶೇ 8, 10ರಲ್ಲಿ ಶೇ 1.5. ಒಂದು ಜಿಪಿಸಿಆರ್ ಪೊರೆಯಲ್ಲಿ ಹಿಡಿಯುವ ಅಗಲ ಸುಮಾರು 4 ನ್ಯಾನೋಮೀಟರ್. ಹಾಗಾಗಿ ಸಿಗ್ನಲ್ ಬಂತು ಅಂದರೆ 'ತುಂಬಾ ಹತ್ತಿರ ಇದ್ದವು' ಅಂತ ಅರ್ಥವೇ ಹೊರತು ಅಂಟಿಕೊಂಡಿದ್ದವು ಅಂತಲ್ಲ. ಅದರಲ್ಲೂ ಪ್ರಯೋಗ ಮಾಡುವುದು ಲ್ಯಾಬಿನಲ್ಲಿ ಬೆಳೆಸಿದ ಹೆಚ್‌ಇಕೆ293 ಕೋಶಗಳಲ್ಲಿ, ಎರಡೂ ರಿಸೆಪ್ಟರನ್ನು ತುಂಬಿ ತುಳುಕುವಷ್ಟು ಹಾಕಿ. ಬೆಳಗ್ಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ರಶ್ ಬಸ್ಸಲ್ಲಿ ಪಕ್ಕ ಪಕ್ಕ ಒತ್ತಿಕೊಂಡು ನಿಂತವರನ್ನೆಲ್ಲ ಗಂಡ ಹೆಂಡತಿ ಅಂತ ಬರೆದುಕೊಂಡ ಹಾಗೆ.

ಇದನ್ನು ಪರೀಕ್ಷಿಸಲು ಒಂದು ಗ್ರಾಫ್ ಸಾಕು. ಬೆಳಕು ಕೊಡುವ ರಿಸೆಪ್ಟರನ್ನು ಒಂದೇ ಮಟ್ಟದಲ್ಲಿಟ್ಟು ಪಡೆಯುವ ರಿಸೆಪ್ಟರನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ನಿಜವಾದ ಜೋಡಿಯಾದರೆ ಗೆರೆ ಬೇಗ ಏರಿ ಮಟ್ಟವಾಗುತ್ತದೆ, ಏಕೆಂದರೆ ಎಲ್ಲರಿಗೂ ಸಂಗಾತಿ ಸಿಕ್ಕಾಯ್ತು. ಸುಮ್ನೆ ಡಿಕ್ಕಿಯಾದರೆ ಗೆರೆ ನೆಟ್ಟಗೆ ಏರುತ್ತಲೇ ಇರುತ್ತದೆ. ಚಿತ್ರದ ಮೇಲೆ ಪೆನ್ಸಿಲ್ ಇಟ್ಟು ನೋಡಿ. ಕೆಲವರು ಅರೆಬರೆ ಬಾಗಿದ ಗೆರೆಯನ್ನು ಕೊನೆಯ ಎರಡು ಚುಕ್ಕಿಯ ಬಲದ ಮೇಲೆ ಮಟ್ಟವಾಯಿತು ಅಂತ ಎಳೆದಿರುತ್ತಾರೆ. ಆ ಎರಡು ಚುಕ್ಕಿಯನ್ನು ಬೆರಳಿನಿಂದ ಮುಚ್ಚಿ, ಉಳಿದದ್ದು ನೆಟ್ಟಗೆ ಕಂಡರೆ ಅನುಮಾನಪಡಿ. ಎರಡನ್ನೂ ಒಂದೇ ಪ್ರಮಾಣದಲ್ಲಿಟ್ಟು ಒಟ್ಟು ಮಟ್ಟ ಇಳಿಸಿದಾಗಲೂ ಸಿಗ್ನಲ್ ಉಳಿದಿದೆಯಾ ಅನ್ನುವುದೂ ಮುಖ್ಯ. ಜೊತೆಗೆ, ಜೋಡಿಯಾಗಬಾರದ ಬೇರೆ ರಿಸೆಪ್ಟರ್ ಇಟ್ಟು ಹೋಲಿಸಿದ್ದಾರಾ? ಇಲ್ಲವಾದರೆ ಅಲ್ಲಿಗೇ ಒಂದು ಅಂಕ ಕಳೆಯಿರಿ.

ಅಂಗಾಂಶದಲ್ಲಿ, ಅಂದರೆ ಇಲಿಯ ಅಥವಾ ಮನುಷ್ಯರ ನಿಜವಾದ ಮಿದುಳಿನ ತುಂಡಿನಲ್ಲಿ, ಸಾಮಾನ್ಯವಾಗಿ ಪ್ರಾಕ್ಸಿಮಿಟಿ ಲೈಗೇಶನ್ ಮಾಡುತ್ತಾರೆ, ಅಂದರೆ ಎರಡು ರಿಸೆಪ್ಟರಿಗೆ ಅಂಟಿದ ಆಂಟಿಬಾಡಿಗಳು ಹತ್ತಿರ ಇದ್ದರೆ ಚುಕ್ಕಿ ಹೊಳೆಯುವ ಪರೀಕ್ಷೆ. ಕೆಂಪು ಚುಕ್ಕಿ ಚೆಂದ ಕಾಣುತ್ತದೆ. ಅದು 40 ನ್ಯಾನೋಮೀಟರ್‌ವರೆಗೂ ಹಿಡಿಯುತ್ತದೆ, ಅಷ್ಟರಲ್ಲಿ ಹತ್ತು ರಿಸೆಪ್ಟರ್ ಸಾಲಾಗಿ ನಿಲ್ಲಬಹುದು. ಇನ್ನೊಂದು, ಜಿಪಿಸಿಆರ್ ಆಂಟಿಬಾಡಿಗಳು ನಂಬಿಕೆಗೆ ಅರ್ಹವಲ್ಲ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ನೋವು. ಆ ರಿಸೆಪ್ಟರ್ ಜೀನ್ ತೆಗೆದುಹಾಕಿದ ಇಲಿಯಲ್ಲಿ ಚುಕ್ಕಿ ಮಾಯವಾಗುತ್ತದೆ ಅಂತ ತೋರಿಸಿದ್ದರೆ ಮಾತ್ರ ಮುಂದೆ ಓದಿ.

ಔಷಧಿಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟದ ನಾಮಕರಣ ಸಮಿತಿಯ ಪರವಾಗಿ 2007ರಲ್ಲಿ ಮೂರು ಅಳತೆಗೋಲು ಬಂದವು. ಸಹಜ ಅಂಗಾಂಶದಲ್ಲಿ ಮೈ ತಾಗಿರುವುದು ಕಾಣಬೇಕು. ಒಂಟಿಯಾಗಿದ್ದಾಗ ಇಲ್ಲದ ಹೊಸ ಗುಣ ಜೋಡಿಗೆ ಇರಬೇಕು. ಜೀವಂತ ಪ್ರಾಣಿಯಲ್ಲಿ ಒಂದನ್ನು ತೆಗೆದರೆ ಅಥವಾ ಜೋಡಿ ಮುರಿದರೆ ಆ ಗುಣ ಹೋಗಬೇಕು. ಮೂರರಲ್ಲಿ ಎರಡಾದರೂ ಬೇಕು ಅಂದರು. ಜೋಡಿ ಮುರಿಯಲು ರಿಸೆಪ್ಟರಿನದ್ದೇ ಪೊರೆ ದಾಟುವ ಒಂದು ತುಂಡನ್ನು ಪೆಪ್ಟೈಡ್ ಮಾಡಿ ಹಾಕುತ್ತಾರೆ, ಅದು ನಡುವೆ ಸೇರಿ ಬೇರೆ ಮಾಡುತ್ತದೆ. ಒಳ್ಳೆಯ ಪೇಪರಿನಲ್ಲಿ ಏಳು ತುಂಡನ್ನೂ ಒಂದೊಂದಾಗಿ ಹಾಕಿ, ಒಂದೆರಡು ಮಾತ್ರ ಮುರಿಯುತ್ತವೆ ಅಂತ ತೋರಿಸಿರುತ್ತಾರೆ. ಏಳೂ ಮುರಿದರೆ ಅದು ಪೆಪ್ಟೈಡಿನ ಗಲಾಟೆ ಅಷ್ಟೇ.

ಔಷಧಿಗೆ ಯಾವ ದಾರಿ

ಇಷ್ಟೆಲ್ಲ ದಾಟಿ ಬಂದ ಜೋಡಿಯಾದರೆ ಆಗ ಔಷಧಿ ಯೋಚಿಸಬಹುದು. ಒಂದರಲ್ಲಿ ಕೂತು ಇನ್ನೊಂದನ್ನು ಆಡಿಸುವುದು ಬ್ಯಾಕ್ಲೋಫೆನ್‌ನಲ್ಲಿ ಆಗಲೇ ನೋಡಿದೆವು. ಎರಡನೆಯದು, ಇನ್ನೂ ದೊಡ್ಡ ದಾರಿ, ಎರಡೂ ಸೇರದ ಹಾಗೆ ತಡೆಯುವುದು.

ಇದಕ್ಕೆ ಸ್ತನ ಕ್ಯಾನ್ಸರಿನ ಹರ್2 ಬಿಟ್ಟು ಒಳ್ಳೆಯ ಉದಾಹರಣೆ ಇಲ್ಲ. ಈ ಕುಟುಂಬದಲ್ಲಿ ನಾಲ್ವರು. ಉಳಿದವರಿಗೆ ಹೊರಗಿಂದ ಹಾರ್ಮೋನಿನಂಥ ಅಣು ಬಂದು ಕೂತರೆ ಮಡಿಸಿಕೊಂಡಿದ್ದ ಒಂದು ತೋಳು ಹೊರಗೆ ಚಾಚುತ್ತದೆ, ಆ ತೋಳಿನಿಂದ ಸಂಗಾತಿಯನ್ನು ಹಿಡಿಯುತ್ತದೆ. ಹರ್2ಗೆ ಬಂದು ಕೂರುವ ಅಣು ಯಾವುದೂ ಸಿಕ್ಕಿಲ್ಲ, ಅದರ ತೋಳು ಯಾವಾಗಲೂ ಚಾಚಿಯೇ ಇರುತ್ತದೆ. ಹರ್3 ಇದರ ಉಲ್ಟಾ: ಅಣು ಕೂರುತ್ತದೆ, ಆದರೆ ಒಳಗಿನ ಕೈನೇಸ್ ಬಹಳ ದುರ್ಬಲ. ಒಂದಕ್ಕೆ ಕಿವಿ ಇಲ್ಲ, ಇನ್ನೊಂದಕ್ಕೆ ದನಿ ಇಲ್ಲ, ಎರಡೂ ಸೇರಿದರೆ ಕೋಶ ಬೆಳೆಸುವ ಸಂದೇಶ ಎಲ್ಲಕ್ಕಿಂತ ಜೋರಾಗಿ ಹೋಗುತ್ತದೆ. 1998ರಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಹರ್2ರ ಹೊರಗಿರುವ ನಾಲ್ಕು ಭಾಗಗಳಲ್ಲಿ ಪೊರೆಗೆ ಹತ್ತಿರದ ನಾಲ್ಕನೆಯದಕ್ಕೆ ಅಂಟುತ್ತದೆ. ತೋಳು ಇರುವುದು ಎರಡನೇ ಭಾಗದಲ್ಲಿ, ಅದು ಹಾಗೇ ಉಳಿಯುತ್ತದೆ. 2012ರಲ್ಲಿ ಒಪ್ಪಿಗೆ ಪಡೆದ ಪರ್ಟುಜುಮ್ಯಾಬ್ ಆ ತೋಳಿನ ಮೇಲೇ ಕೂರುತ್ತದೆ. ಹರಡಿದ ಹರ್2 ಕ್ಯಾನ್ಸರಿನಲ್ಲಿ ಟ್ರಾಸ್ಟುಜುಮ್ಯಾಬ್ ಮತ್ತು ಡೋಸಿಟ್ಯಾಕ್ಸೆಲ್ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ ಬದುಕಿದ ಅವಧಿ (ಮಧ್ಯಕ) 40.8 ತಿಂಗಳು, ಪರ್ಟುಜುಮ್ಯಾಬ್ ಕೂಡ ಸೇರಿಸಿದವರದ್ದು 56.5 ತಿಂಗಳು. ಜೋಡಿಯ ಬಗ್ಗೆ ತಿಳಿದು ಮಾಡಿದ ಔಷಧಿ ಮನುಷ್ಯರಲ್ಲಿ ಇಷ್ಟು ಸ್ಪಷ್ಟವಾಗಿ ಕೆಲಸ ಮಾಡಿದ್ದು ಅಪರೂಪ.

ಮನೆಯವರ ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ರಿಪೋರ್ಟಿನಲ್ಲಿ ಬರುವ 0, 1+, 2+, 3+ ಹರ್2 ಎಷ್ಟಿದೆ ಅಂತ ಹೇಳುತ್ತದೆ, ಜೋಡಿಯಾಗಿದೆಯಾ ಅಂತಲ್ಲ. 2+ ಬಂದರೆ ಹರ್2 ಜೀನ್ ಎಣಿಸುವ ಫಿಶ್ ಪರೀಕ್ಷೆ ಮಾಡಿಸಲು ಹೇಳುತ್ತಾರೆ, ಅದು ಸಹಜ, ಗಾಬರಿ ಬೇಡ. ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್, ಅಂದರೆ ಅದರಂತೆಯೇ ಮಾಡಿದ ಔಷಧಿ, ಬೆಂಗಳೂರಿನ ಬಯೋಕಾನ್‌ನಿಂದಲೂ ಬಂದಿದೆ. ಯಾವುದು ಬೇಕು, ಬೇಡ ಅನ್ನುವುದು ನಿಮ್ಮ ಆಂಕಾಲಜಿಸ್ಟ್ ಹತ್ತಿರದ ಮಾತು.

ಮೂರನೇ ದಾರಿ ಎರಡೂ ಕೂಡುವ ಸಂದಿಯಲ್ಲೇ ಕೂರುವುದು. ಮೈಗ್ರೇನಿಗೆ ಕಾರಣವಾಗುವ ಸಿಜಿಆರ್‌ಪಿ ಅನ್ನುವ ಪೆಪ್ಟೈಡಿನ ರಿಸೆಪ್ಟರ್ ಎರಡು ತುಂಡಿನದು: ಸಿಎಲ್ಆರ್ ಅನ್ನುವ ಜಿಪಿಸಿಆರ್, ರಾಂಪ್1 ಅನ್ನುವ ಚಿಕ್ಕ ಜೊತೆಗಾರ. ಅದೇ ಸಿಎಲ್ಆರ್ ರಾಂಪ್2 ಜೊತೆ ಸೇರಿದರೆ ರಕ್ತನಾಳಕ್ಕೆ ಮುಖ್ಯವಾದ ಅಡ್ರಿನೋಮೆಡ್ಯುಲಿನ್ ರಿಸೆಪ್ಟರ್ ಆಗುತ್ತದೆ. ಸಿಎಲ್ಆರ್ ಒಂದನ್ನೇ ಮುಚ್ಚಿದರೆ ಎರಡೂ ಕೆಡುತ್ತವೆ. ಹಾಗಾಗಿ ಜೆಪ್ಯಾಂಟ್ ಅನ್ನುವ ಮೈಗ್ರೇನ್ ಮಾತ್ರೆಗಳು ಸಿಎಲ್ಆರ್ ಮತ್ತು ರಾಂಪ್1 ಕೂಡುವ ಸಂದಿಯಲ್ಲಿ ಕೂರುತ್ತವೆ, 2018ರಲ್ಲಿ ಬಂದ ಎರೆನುಮ್ಯಾಬ್ ಅನ್ನುವ ಆಂಟಿಬಾಡಿ ಎರಡೂ ಸೇರಿದ ಜಾಗವನ್ನೇ ಹಿಡಿಯುತ್ತದೆ. ನನ್ನ ಪ್ರಕಾರ ಜೋಡಿ ವಿನ್ಯಾಸದಲ್ಲಿ ಅತ್ಯಂತ ಚೊಕ್ಕ ಕೆಲಸ ಇದು.

ನಾಲ್ಕನೆಯದು ಎರಡು ತಲೆಯ ಅಣು. ಪೇಪರ್‌ಗಳಿಗೆ ಇದು ತುಂಬಾ ಇಷ್ಟ. 2005ರಲ್ಲಿ, ಮಾರ್ಫಿನ್ ಕೂರುವ ಮ್ಯೂ ಓಪಿಯಾಯ್ಡ್ ರಿಸೆಪ್ಟರ್ ಎಬ್ಬಿಸುವ ತಲೆ, ಅದೇ ಕುಟುಂಬದ ಡೆಲ್ಟಾ ಮುಚ್ಚುವ ತಲೆ, ನಡುವೆ 21 ಪರಮಾಣುಗಳ ಸರಪಳಿ ಇರುವ ಎಂಡಿಎಎನ್-21 ಬಂತು. ಚಿಕ್ಕಿಲಿಗಳಲ್ಲಿ ನೋವು ಕಡಿಮೆ ಮಾಡಿತು, ಮಾರ್ಫಿನ್ ಥರ ದಿನ ಹೋದಂತೆ ಡೋಸ್ ಏರಿಸಬೇಕಾಗಲಿಲ್ಲ. ಲೆಕ್ಕ ಏಕೆ ಆಸೆ ಹುಟ್ಟಿಸುತ್ತದೆ ನೋಡಿ. ಒಂದು ತಲೆ ಅಂಟಿದ ಮೇಲೆ ಇನ್ನೊಂದು ತಲೆ ಸರಪಳಿಯ ಉದ್ದದಲ್ಲೇ, ಸುಮಾರು 2.5 ನ್ಯಾನೋಮೀಟರ್ ಒಳಗೇ ಸುತ್ತುತ್ತಿರುತ್ತದೆ. ಅಷ್ಟು ತ್ರಿಜ್ಯದ ಅರ್ಧಗೋಳ 33 ಘನ ನ್ಯಾನೋಮೀಟರ್. ಅದರಲ್ಲಿ ಒಂದು ಅಣು ಅಂದರೆ 50 ಮಿಲಿಮೋಲಾರ್ ಸಾಂದ್ರತೆ. ರಕ್ತದಲ್ಲಿ ಔಷಧಿ ನ್ಯಾನೋಮೋಲಾರ್, ಮೈಕ್ರೋಮೋಲಾರ್ ಮಟ್ಟದಲ್ಲಿರುತ್ತದೆ. ಪಕ್ಕದಲ್ಲಿ ಸರಿಯಾದ ಸಂಗಾತಿ ಇದ್ದರೆ ಎರಡನೇ ತಲೆ ಕೂರದೆ ಬಿಡುವುದಿಲ್ಲ.

ಆದರೆ ಅಣು ದಪ್ಪ. ಬಾಯಿಂದ ತಗೊಳ್ಳುವ ಔಷಧಿ 500 ಡಾಲ್ಟನ್ ಒಳಗಿದ್ದರೆ ಒಳ್ಳೆಯದು ಅಂತ ಒಂದು ವಾಡಿಕೆ ಇದೆ, ಎರಡು ತಲೆ ಸರಪಳಿ ಸೇರಿದರೆ ಅದು ದಾಟಿಹೋಗುತ್ತದೆ, ಮಿದುಳಿಗೆ ನುಗ್ಗುವುದೂ ಕಷ್ಟ. ಎಂಡಿಎಎನ್-21 ಇವತ್ತಿಗೂ ಅಂಗಡಿಗೆ ಬಂದಿಲ್ಲ. ಇಂಥ ಪೇಪರ್ ಓದುವಾಗ ಒಂದೇ ತಲೆಗೆ ಅದೇ ಸರಪಳಿ ಕಟ್ಟಿದ ಅಣುವನ್ನೂ ಪರೀಕ್ಷಿಸಿದ್ದಾರಾ, ಎರಡೂ ಬಿಡಿ ಔಷಧಿಗಳನ್ನು ಬೆರೆಸಿ ಕೊಟ್ಟು ನೋಡಿದ್ದಾರಾ, ಸರಪಳಿ ಉದ್ದ ಬದಲಾಯಿಸಿದಾಗ ಒಂದು ಉದ್ದದಲ್ಲಿ ಮಾತ್ರ ಫಲ ಜಾಸ್ತಿಯಾಯಿತಾ ಅಂತ ಹುಡುಕಿ. ಆಂಟಿಬಾಡಿಗಳಲ್ಲಿ ಮಾತ್ರ ಎರಡು ತಲೆ ಚೆನ್ನಾಗಿ ನಡೆದಿದೆ. ಶ್ವಾಸಕೋಶದ ಕ್ಯಾನ್ಸರಿಗೆ 2021ರಲ್ಲಿ ಬಂದ ಅಮಿವಾಂಟಮ್ಯಾಬ್ ಒಂದು ಕೈಯಲ್ಲಿ ಇಜಿಎಫ್ಆರ್, ಇನ್ನೊಂದರಲ್ಲಿ ಮೆಟ್ ಅನ್ನುವ ರಿಸೆಪ್ಟರ್ ಹಿಡಿಯುತ್ತದೆ. ಅಲ್ಲಿ ದಪ್ಪ ಒಂದು ತೊಂದರೆಯೇ ಅಲ್ಲ, ಹೇಗೂ ಡ್ರಿಪ್‌ನಲ್ಲಿ ಹೋಗುತ್ತದೆ.

ಕೊನೆಗೆ ಪ್ರಾಣಿ ಪ್ರಯೋಗದ ಪುಟ. ಮಧುನಾಶಿನಿ ನಮ್ಮ ಸಿಹಿ ನಿಲ್ಲಿಸುತ್ತದೆ, ಚಿಕ್ಕಿಲಿಯದ್ದನ್ನು ನಿಲ್ಲಿಸುವುದಿಲ್ಲ. ಮೊದಲ ಜೆಪ್ಯಾಂಟ್ ಆದ ಓಲ್ಸೆಜೆಪ್ಯಾಂಟ್ ಮನುಷ್ಯರ ರಿಸೆಪ್ಟರಿಗೆ ಇಲಿಯದ್ದಕ್ಕಿಂತ ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ. ಕಾರಣ ರಾಂಪ್1ರ 74ನೇ ಅಮೈನೋ ಆಮ್ಲ, ನಮ್ಮಲ್ಲಿ ಟ್ರಿಪ್ಟೋಫಾನ್, ಇಲಿಯಲ್ಲಿ ಲೈಸಿನ್. ಸಂದಿಯಲ್ಲಿ ಒಂದೇ ಅಕ್ಷರ ಬದಲಾದರೂ ಔಷಧಿ ಜಾರುತ್ತದೆ. ಹಾಗಾಗಿ ನಿಮ್ಮ ಪೇಪರಿನಲ್ಲಿ ಎರಡೂ ರಿಸೆಪ್ಟರಿನ ಮನುಷ್ಯ ಮತ್ತು ಇಲಿಯ ಅಮೈನೋ ಆಮ್ಲ ಸರಣಿಗಳನ್ನು ಪ್ರೋಟೀನ್ ಮಾಹಿತಿಯ ಜಾಲತಾಣ ಯೂನಿಪ್ರಾಟ್‌ನಿಂದ ಇಳಿಸಿಕೊಂಡು, ಅವರು ಸಂದಿ ಅಂತ ಹೇಳಿದ ಜಾಗವನ್ನು ಸಾಲು ಮಾಡಿ ನೋಡಿ. ಪುಕ್ಕಟೆ ಕೆಲಸ, ಹತ್ತು ನಿಮಿಷ ಸಾಕು. ವ್ಯತ್ಯಾಸ ಸಿಕ್ಕರೆ ಗೈಡ್ ಪ್ರಶ್ನೆ ಕೇಳುವ ಮೊದಲೇ ಅದನ್ನೊಂದು ಸ್ಲೈಡ್ ಮಾಡಿಬಿಡಿ.